ಖಾಲಿ ಮಿಕ್ಸಿ

ಮೀಟರು ಓದುತ್ತಿದ್ದ ನಮ್ಮ ದೊರೆಸ್ವಾಮಿ ಮಾವ
ಕೈಲಾಸಪುರದ ವಠಾರಗಳಲ್ಲಿ
ಯಾರ ಹೊಸ್ತಿಲೂ ದಾಟಿದವನಲ್ಲ.
ಗೋಡೆಯ ಮೇಲೆ ಸಾಲಾಗಿ ಆರು ಮೀಟರು,
ಗಾಜಿನೊಳಗೆ ಅಡ್ಡ ಮಲಗಿದ ತಗಡಿನ ಚಕ್ರ,
ಅದರಂಚಿಗೆ ಒಂದು ಕೆಂಪು ಬೊಟ್ಟು.
ಬೊಟ್ಟು ಸುತ್ತಿ ಬರುವುದರೊಳಗೆ ಹೇಳಿಬಿಡುತ್ತಿದ್ದ:
ಇವರ ಮನೇಲಿ ನೆಂಟರು, ನೀರಿಗೆ ಕಾಯಿಲ್ ಇಳಿಬಿಟ್ಟವ್ರೆ;
ಅಲ್ಲಿ ಇಸ್ತ್ರಿ; ಆ ಮೂಲೆಮನೆಯೋನು
ಹಗಲೆಲ್ಲ ಫ್ಯಾನಿನಡಿ, ಕೆಲ್ಸ ಹೋಗಿರ್ಬೇಕು.

ಈಗ ಹೆಬ್ಬಾಳದ ಕೈಗಾರಿಕಾ ಬಡಾವಣೆಯಲ್ಲಿ
ನನ್ನದೂ ಅದೇ ಕಸುಬು.
ಉಗುರಿನಷ್ಟು ಚಿಪ್, ಅದರ ಹೊಟ್ಟೆಯಲ್ಲೊಂದು ಕೀಲಿ.
ಗಣಿತ ಗಟ್ಟಿ. ಕುಕ್ಕರಹಳ್ಳಿ ಕೆರೆ
ಸಾವಿರ ಸಲ ಬತ್ತಿ ತುಂಬಿದರೂ ಒಡೆಯದ ಬೀಗ.
ನಾನು ಬೀಗ ಮುಟ್ಟುವುದಿಲ್ಲ.
ಕರೆಂಟಿನ ತಂತಿಗೆ ಕಿವಿ ಹಚ್ಚಿ ಕೂರುತ್ತೇನೆ.
ಪರದೆಯ ಮೇಲೆ ಹಸಿರು ಗೆರೆ ಉಸಿರಾಡುತ್ತದೆ:
ಸೊನ್ನೆಗೆ ಒಂದು ಗುಡ್ಡ,
ಒಂದಕ್ಕೆ ಗುಡ್ಡದ ಬೆನ್ನಿಗೇ ಇನ್ನೊಂದು.
ಗುಡ್ಡ, ಜೋಡಿಗುಡ್ಡ, ಗುಡ್ಡ, ಗುಡ್ಡ...
ಕಾಫಿ ಆರುವ ಮೊದಲೇ
ಕೀಲಿ ಕಾಗದಕ್ಕಿಳಿದಿತ್ತು.

ತಿದ್ದಿದೆವು. ಪ್ರತಿ ಸಲವೂ ಎರಡೂ ಕೆಲಸ ಮಾಡು,
ಬೇಡದ ಉತ್ತರ ಚೆಲ್ಲು, ಎಂದೆವು.
ಗೆರೆ ಸಮವಾಯಿತು.
ಪಕ್ಕದ ಮೇಜಿನ ಫರ್ಹಾನಾ ಎಲ್ಲರಿಗೂ ಚಿಕ್ಕಿ ಹಂಚಿದಳು.
ನನಗೆ ಮಾತ್ರ ಅಂಬುಜಾಕ್ಷಮ್ಮ ನೆನಪಾದಳು.

ಐದನೇ ಮೀಟರಿನವಳು.
ಗಂಡನ ಮಿಲ್ಲು ಮುಚ್ಚಿದ ವರ್ಷ
ದಿನಾ ಏಳಕ್ಕೆ ಮಿಕ್ಸಿ ತಿರುವುತ್ತಿದ್ದಳು
ವಠಾರಕ್ಕೆಲ್ಲ ಕೇಳುವ ಹಾಗೆ.
ಕಾಯಿಲ್ಲ, ಕಡಲೆಯಿಲ್ಲ; ಚಟ್ನಿಯ ಸದ್ದೊಂದಿತ್ತು.
ಅಕ್ಕಪಕ್ಕದವರು ನಂಬಿದರು.
ಮಾವ ಕೆಂಪು ಬೊಟ್ಟು ನೋಡಿದ.
ಬರಿ ಜಾರು ತಿರುಗುವಾಗ
ಚಕ್ರಕ್ಕೆ ಭಾರವಿಲ್ಲ.

ಚೆಲ್ಲುವ ಉತ್ತರಕ್ಕೂ ಭಾರವಿಲ್ಲ.
ಮತ್ತೆ ಅಳೆದೆ. ಐದು ಸಾವಿರ ಗೆರೆ
ಒಂದರ ಮೇಲೊಂದು ಪೇರಿಸಿ ನೋಡಿದರೆ
ತಳದಲ್ಲಿ ಕೂದಲೆಳೆಯಷ್ಟು ತಗ್ಗು.
ಚಿಕ್ಕಿ ತಿಂದು ಮುಗಿದ ಮೇಲೆ ಹೇಳಿದೆ.

ಈಗ ಬೇರೆ ಉಪಾಯ.
ಕೀಲಿಗೆ ಪ್ರತಿ ಸಲವೂ ಹೊಸದಾಗಿ
ಯಾವುದೋ ಒಂದು ಅಂಕಿ ಬೆರೆಸಿ
ಕೂಡಿಯೇ ರುಬ್ಬಿ, ಕೊನೆಗೆ ಸೋಸಿ ತೆಗೆಯುವುದು.
ಜಾರಿನಲ್ಲಿ ನಿಜಕ್ಕೂ ಏನೋ ಇರುತ್ತದೆ;
ಏನೆಂದು ಮಿಕ್ಸಿಗೇ ತಿಳಿಯದು.
ನಿಧಾನವಾಯಿತು ಎಂದು ಮೇಲಿನವರು ಗೊಣಗುತ್ತಾರೆ.
ಗೊಣಗಲಿ.
ಇದರಲ್ಲೂ ಎಲ್ಲೋ ಒಂದು ಬೊಟ್ಟು
ಸುತ್ತುತ್ತಿರಬಹುದು, ನನಗಿನ್ನೂ ಕಂಡಿಲ್ಲ.

ಆವತ್ತು ಏನು ಮಾಡಿದೆ ಮಾವ, ಎಂದು ಕೇಳಿದ್ದೆ.
ಪುಸ್ತಕದಲ್ಲಿ ಯೂನಿಟ್ ಬರ್ದೆ, ಅಂದ. ಹನ್ನೊಂದು.
ಮತ್ತೆ?
ಮತ್ತೇನು,
ಸೈಕಲ್ ಹತ್ತಿದೆ.