ಇವನಲ್ಲ

ನಾಲ್ಕು ಕಿಲೋಮೀಟರು ದೂರದ ಕೌಂಟರಿಗೆ ಹೊರಟವರ ಹಿಂದೆ
ಅತ್ತೆ ಚಮಚದಿಂದ ಹಾಲು ಚಿಮುಕಿಸಿದರು,
ದೂರದೇಶಕ್ಕೆ ಹೋಗುವವರಿಗೆ ಚಿಮುಕಿಸುವಂತೆಯೇ.
ಮೈನಸ್ ಇಪ್ಪತ್ತೇಳು. ಟೈರಿನ ಮೇಲೇ ಹೆಪ್ಪುಗಟ್ಟಿತು.
"ಅರ್ಜಿ ಕೊಡೋಕೆ ಹೋಗ್ತಿರೋದಮ್ಮ, ಬರೀ ಅರ್ಜಿ" ಅಂದೆ.
"ದಾರಿ ಅಂದ್ರೆ ದಾರೀನೇ"
ಅಂದು ಚಮಚ ಒರೆಸಿಕೊಂಡರು.

ಕಾರು ಚಾಲೂ ಆದದ್ದೇ ಅವಳು ಮಾತಾಡಿದಳು,
ಡ್ಯಾಶ್‌ಬೋರ್ಡಿನ ಒಳಗಿನವಳು, ಜಪಾನಿಯಲ್ಲಿ,
ಆರು ವರ್ಷದಿಂದ ದಿನಾ ಬೆಳಿಗ್ಗೆ ಅದೊಂದೇ ವಾಕ್ಯ:
ಏನೋ ಕಾರ್ಡು, ಹಾಕಿಲ್ಲವಂತೆ.
ಉಲಾನ್‌ಬಾತರಿನ ನಮ್ಮ ಓಣಿಯ ಕಾರುಗಳೆಲ್ಲ ಹೀಗೇ,
ಹಡಗು ಹತ್ತಿ ರೈಲು ಹತ್ತಿ ಬಂದವು,
ನಮ್ಮ ರಸ್ತೆಗೆ ಒಗ್ಗದ ಕಡೆಗೆ ಸ್ಟಿಯರಿಂಗು.
ಇವಕ್ಕೆ ಯಾರೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಲಿಲ್ಲ.

ಹಿಂದಿನ ಗಾಜಿಗೆ ಯಾರದೋ ಕೂಸಿನ ಸ್ಟಿಕರ್ ಅಂಟಿತ್ತು.
ಕೆರೆದು ತೆಗೆಯಲು ಗಾಲ್ಸನ್‌ದೋರ್ಜ್ ಬ್ಲೇಡು ತಂದ.
ಬಿಡು, ಅಂದೆ.
ಆ ವರ್ಷ ನನ್ನ ಕಣ್ಣೆದುರು ಏನನ್ನೂ
ಕೆರೆಯಬಾರದಿತ್ತು.

ನಕ್ಷೆಯ ತೆರೆಯಲ್ಲಿ ನಮ್ಮೂರೇ ಇಲ್ಲ. ಬರೀ ನೀಲಿ,
ನೀಲಿಯ ನಡುವೆ ಒಂದು ಬಾಣ, ಅದು ನಾವು.
ಮಗಳು ಖಾಲಿಯುನ್ ಒಂದು ದಿನ ಮನೆಯ ಚಿತ್ರದ ಗುಂಡಿ ಒತ್ತಿದಳು.
ಬಾಣ ಹೊರಳಿತು. ಸಮುದ್ರದಾಚೆ
ಯಾವುದೋ ಸಣ್ಣ ಊರಿನ ಬೀದಿ, ಬೀದಿಯ ಕೊನೆ.
"ಅಮ್ಮಾ, ಕಾರಿಗೆ ಮನೆ ನೆನಪಾಗಲ್ವಾ?"
ಶುರುವಾದದ್ದು ಅಲ್ಲಿಂದ.

ಪ್ರವಾಸದ ಉದ್ದೇಶ: ಪ್ರೇಕ್ಷಣೀಯ ಸ್ಥಳಗಳ ವೀಕ್ಷಣೆ
ಎಂದು ಬರೆದೆ. ಇನ್ನೇನು ಬರೆಯಲಿ.
ಮೈದುನನ ದುಡ್ಡು ನಮ್ಮ ಖಾತೆಯಲ್ಲಿ ಮೂರು ರಾತ್ರಿ ತಂಗಿತ್ತು
ಸಂಕೋಚದ ನೆಂಟನ ಹಾಗೆ, ಏನನ್ನೂ ಮುಟ್ಟದೆ.
ಮನೆತನದ ಹೆಸರು ಎಂಬಲ್ಲಿ ನಮ್ಮದು ರಗಳೆ:
ನಾನು ನನ್ನಪ್ಪ ಸೋದ್ನೋಮನ ಹೆಸರಿನವಳು,
ಗಂಡ ಅವನಪ್ಪ ಲುವ್ಸನ್‌ನ ಹೆಸರಿನವನು,
ಮಕ್ಕಳಿಗೆ ಗಂಡನ ಹೆಸರೇ ಮನೆತನ.
ಒಂದೇ ಕಡಾಯಿಯ ಚಹಾ ಕುಡಿಯುವ ನಾಲ್ವರು,
ಕಾಗದದ ಮೇಲೆ ಮೂರು ಮನೆ.
ಹೆತ್ತಿದ್ದೇನೆಂಬುದಕ್ಕೆ ಪ್ರತ್ಯೇಕ ಚೀಟಿ, ಅದಕ್ಕೊಂದು ಮೊಹರು,
ಮೊಹರಿಗೊಂದು ಅನುವಾದ.

ಚಿಕ್ಕವನ ಫೋಟೋ ಮೂರು ಸಲ ತೆಗೆಸಿದೆವು.
ಟೊಪ್ಪಿ ತೆಗೆ, ಕಿವಿ ಕಾಣಲಿ, ನಗಬೇಡ,
ನಗಬೇಡ ಅಂದರೆ ನಗುವ ಜಾತಿಯವನು.
ಹೆಸರು ಎನೆಬಿಶ್.
ನಮ್ಮ ಮಾತಿನಲ್ಲಿ ಅದಕ್ಕೆ ಅರ್ಥ: ಇವನಲ್ಲ.
ಅವನ ಮುಂಚೆ ಬಂದ ಇಬ್ಬರು ನಿಲ್ಲಲಿಲ್ಲ.
ಹುಡುಕಿಕೊಂಡು ಬರುವುದಕ್ಕೆ ಕೇಳಿಸಲಿ ಅಂತ
ಅತ್ತೆ ಇಟ್ಟದ್ದು. ಹಾಲು ಕುಡಿಯಲು ಕರೆವಾಗ, ಇವನಲ್ಲ.
ಬೂಟು ಎಲ್ಲೋ ಬಿಟ್ಟುಬಂದಾಗ ಗದರಿ, ಇವನಲ್ಲ.
ನಾಲ್ಕು ವರ್ಷ ಕರೆದೂ ಕರೆದೂ
ಅಲ್ಲಗಳೆದ ಮಗು.

ಗಾಜಿನಾಚೆಯ ಹುಡುಗಿ ಫೋಟೋ ನೋಡಿದಳು.
ಕೌಂಟರಿನ ಅಂಚಿಗೆ ಎಟುಕಿದ ಹಣೆಯನ್ನು ನೋಡಿದಳು.
"ಎನೆಬಿಶ್. ಇವನೇ ತಾನೆ?"
ಅವಳೂ ನಮ್ಮವಳೇ. ಕೇಳಿದ್ದೇನೆಂದು
ಕೇಳಿದ ಮೇಲೆ ಹೊಳೆಯಿತು. ಪೆನ್ನು ನಿಂತಿತು.
ನನ್ನ ನಾಲಿಗೆ ಅಂಗುಳಕ್ಕೆ ಅಂಟಿತು.
ಅವಳು ಮೈಕು ಆರಿಸಿ, ಗಾಜಿನ ತೂತಿಗೆ ಬಾಯಿಟ್ಟು,
"ಹೇಳಬೇಡಿ ಅಕ್ಕಾ, ತಲೆ ಆಡಿಸಿ ಸಾಕು" ಅಂದಳು.

ಆಡಿಸಿದೆ.
ಅಷ್ಟರಲ್ಲಿ ಅವನೇ ತುದಿಗಾಲಲ್ಲಿ ನಿಂತು
"ನಾನೇ!"
ಎಂದು ಕೂಗಿದ. ಇಡೀ ಹಾಲು ತಿರುಗಿ ನೋಡಿತು.
ನಾನು ಮೇಲೆ ನೋಡಿದೆ, ಬಾಗಿಲ ಕಡೆ ನೋಡಿದೆ,
ಹೀಟರಿನ ಸಂದಿಯನ್ನೂ ನೋಡಿದೆ.
ಯಾರಿಗೂ ಕೇಳಿಸಿದಂತಿರಲಿಲ್ಲ.
ಹುಡುಗಿ ನಾಲ್ಕು ಅರ್ಜಿಗೂ ಠಸ್ಸೆ ಒತ್ತಿದಳು.

ಹೊರಗೆ ಟೈರಿನ ಮೇಲೆ ಹಾಲು ಇನ್ನೂ ಬೆಳ್ಳಗಿತ್ತು, ಚೂರು.
ಕಾರಿನವಳು ಮತ್ತೆ ಅದೇ ವಾಕ್ಯ ಹೇಳಿದಳು.
ಖಾಲಿಯುನ್ ಎರಡು ಸೀಟಿನ ನಡುವೆ ಮುಂದಕ್ಕೆ ಬಾಗಿ
ನಿಧಾನವಾಗಿ, ಕಿವಿ ಮಂದವಾದವರಿಗೆ ಹೇಳುವಂತೆ,
"ಹತ್ತು ದಿನ ಕಾಯಬೇಕಂತೆ" ಅಂದಳು.
"ನಿಂಗೂ ಹೇಳ್ತೀವಿ."