ಬಿದ್ದು ಪೆಟ್ಟಾದದ್ದು

ಆತ್ಮಕಥೆ ಬರೆಯಿರಿ ಎಂದು ಹುಡುಗಿಯೊಬ್ಬಳು
ಇನ್ನೂರು ಪುಟದ ಪುಸ್ತಕ, ಎರಡು ನೀಲಿ ಪೆನ್ನು ಕೊಟ್ಟು ಹೋಗಿದ್ದಾಳೆ.
ಹುಟ್ಟಿದ ದಿನದಿಂದ ಶುರು ಮಾಡಿ ಅಂದಳು.
ನಾನು ಹುಟ್ಟಿದ ದಿನ ಯಾರೂ ಗುರುತಿಟ್ಟಿಲ್ಲ ಮಗಾ.
ಪಡುಮನೆಯವರ ಕೋಣ ಕಂಬಳದಲ್ಲಿ ಗೆದ್ದ ವರ್ಷ
ಎನ್ನುತ್ತಿದ್ದಳು ಅಮ್ಮ.
ಕೋಣದ ತಾರೀಕು ಅವರ ಗೋಡೆಯ ಮೇಲಿದೆ.

ನನ್ನ ಬಗ್ಗೆ ಮೊದಲು ಬರೆದವರು ಪೊಲೀಸರು.
ಹೆಸರು: ಕರ್ಗಿ. ತಂದೆ: ತಿಳಿದಿಲ್ಲ.
ತಿಳಿದಿತ್ತು, ಅವರು ಕೇಳಲಿಲ್ಲ.
ಕಸುಬು: ಬುಟ್ಟಿ. ಮೈಬಣ್ಣ: ಕಪ್ಪು.
ಈ ಕೊನೆಯದನ್ನು ಬರೆಯುವಾಗ ರೈಟರ್
ತಲೆಯೆತ್ತಿ ನೋಡಲೂ ಇಲ್ಲ.

ಅದಕ್ಕೂ ಮೊದಲು, ಬಂದರಿನಲ್ಲಿ,
ಒಣಮೀನು ಕಟ್ಟಿಕೊಟ್ಟ ಪೇಪರಿನಲ್ಲಿ ಒಬ್ಬಳು ಹೆಂಗಸಿದ್ದಳು.
ಉಪ್ಪು ಹತ್ತಿದ ಮುಖ, ಮೇಲೆತ್ತಿದ ಮುಷ್ಟಿ,
ಹಿಂದೆ ಹೆಲ್ಮೆಟ್ಟಿನ ಪೊಲೀಸರು.
ಮೂಗು ನಮ್ಮ ಬೊಗ್ಗು ಚಿಕ್ಕಮ್ಮನದೇ.
ಯಾವೂರಿನವಳು ಎಂದೆ. ಅಂಗಾರ ಓದಿ ಹೇಳಿದ:
ಕಡಲಾಚೆಯವಳು. ಅಲ್ಲೂ ಹೀಗೇ ಅಂತೆ.
ಹೀಗೇ ಅಂದರೆ?
ಹೀಗೇ.
ಮೀನು ತಿಂದೆವು. ಆ ಕಾಗದವನ್ನು ಅವನು
ಹೊಸ ಬುಟ್ಟಿಯ ತಳಕ್ಕೆ ಹಾಸಿಟ್ಟ.

ಅಮ್ಮ ಒಮ್ಮೆ ಒಂದು ಅನ್ನ ಉಂಡಿದ್ದಳು,
ಯಾರದೋ ಬಸುರಿನ ಕೇಡು ಕಳೆಯಲು ಕೊಟ್ಟದ್ದು,
ಕೂದಲು, ಉಗುರು ಕಲಸಿದ್ದು.
ಅದನ್ನು ಬರೆಯುವುದಿಲ್ಲ.
ಅದನ್ನೇ ಕೇಳಲು ಬರುವವರಿದ್ದಾರೆ,
ಕಣ್ಣು ತುಂಬಿಕೊಂಡು, ಕ್ಯಾಮೆರಾ ಹಿಡಿದು.

ಡೋಲಿನದು ಬರೆಯುತ್ತೇನೆ.
ನಲವತ್ತೊಂದು ಡೋಲು,
ದೊಡ್ಡ ಕಚೇರಿಯ ಎದುರು, ಗೋಳಿಮರದಡಿ.
ಬಾರಿಸಲಿಲ್ಲ.
ಯಾರು ಕರೆದರೂ ಹೋಗಿ ಬಡಿಯುತ್ತಿದ್ದ ಕೈಗಳು
ಅಂದು ತೊಡೆಯ ಮೇಲೆ.
ಹತ್ತು ಗಂಟೆ, ಹನ್ನೊಂದು.
ಸಿಟಿ ಬಸ್ಸುಗಳು ನಿಧಾನ ಮಾಡಿ ನೋಡಿ ಹೋದವು.
ಸದ್ದು ನಿಲ್ಲಿಸಲೆಂದು ಬಂದ ಪೊಲೀಸರಿಗೆ
ನಿಲ್ಲಿಸಲು ಏನೂ ಸಿಗಲಿಲ್ಲ.
ಕೊನೆಗೆ ಇನ್ಸ್‌ಪೆಕ್ಟರ್ ಕಿರುಚಿದ:
ಬಾರಿಸಿ ಮಾರಾಯ್ರೆ, ಎಂತಕ್ಕೆ ಸುಮ್ಮನೆ ಕೂತದ್ದು!
ನಗು ಬಂತು.
ನಕ್ಕದ್ದು ನಾನು.
ಎಳೆದುಕೊಂಡು ಹೋದದ್ದು ಅಂಗಾರನನ್ನು.
ನಾನು ಹಿಂದೆ ಓಡಿದೆ, ನನ್ನನ್ನೂ ಹಾಕಿದರು.

ಅವನದು ಕೊಳಲಿನ ಬೆರಳು.
ಗೋಡೆಯ ಈಚೆ ಕೂತು ನಾನು ಏಟು ಎಣಿಸಿದೆ.
ಎಣಿಸಲು ಕಲಿಸಿದವನೂ ಅವನೇ,
ಜೆಪ್ಪುವಿನ ಶೆಡ್ಡಿನಲ್ಲಿ, ಚಿಮಿಣಿ ದೀಪದೆದುರು,
ನೂರರವರೆಗೆ.
ನೂರರ ನಂತರ ನನಗೆ ಬರುತ್ತಿರಲಿಲ್ಲ.

ತುಳುವಿನಲ್ಲಿ ಬೈದರು, ಕನ್ನಡದಲ್ಲಿ ಬರೆದುಕೊಂಡರು.
ಬೆಳಿಗ್ಗೆ ಕಾಗದ ಮುಂದಿಟ್ಟು ಓದಿದರು:
ಸದರಿಯವನು ಬಾವಿಕಟ್ಟೆಯಿಂದ ಬಿದ್ದು ಪೆಟ್ಟಾಗಿರುತ್ತದೆ,
ನಾನು ಕಣ್ಣಾರೆ ಕಂಡಿರುತ್ತೇನೆ.
ಒತ್ತಿದರೆ ಬಿಡುತ್ತೇವೆ, ಇಬ್ಬರನ್ನೂ,
ಎಂದು ಮಸಿಯ ಡಬ್ಬಿ ತಳ್ಳಿದರು.
ನಾನು ಪೆನ್ನು ಕೇಳಿದೆ.
ಆ ಹೊತ್ತಿನಲ್ಲೂ ನನಗೊಂದು ಜಂಬ,
ನಾನು ಹೆಬ್ಬೆಟ್ಟಿನವಳಲ್ಲ.
ಅವನು ಕಲಿಸಿದ ಎರಡಕ್ಷರ
ಹಾಳೆಯ ಮೇಲೆ ನಾನು ಮೊದಲು ಬರೆದದ್ದು
ಆ ಸುಳ್ಳಿನ ಕೆಳಗೆ.

ಮಾತಿನಂತೆ ಬಿಟ್ಟರು.
ಹದಿನೆಂಟು ದಿನ ವೆನ್ಲಾಕ್ ಆಸ್ಪತ್ರೆ,
ಆಮೇಲೆ ಇಪ್ಪತ್ತಮೂರು ವರ್ಷ
ಏಳು ಬೆರಳಿನಲ್ಲಿ ಬುಟ್ಟಿ ಹೆಣೆದ.
ಕೊಳಲು ಮಾಡಿನ ಸಂದಿಯಲ್ಲೇ ಇತ್ತು, ಗೆದ್ದಲು ಹಿಡಿಯಿತು.
ಕೇಸು ಬಿದ್ದುಹೋದ ದಿನ ವಕೀಲರು
ಆ ಹೇಳಿಕೆಯ ನಕಲು ಅವನ ಕೈಗೆ ಕೊಟ್ಟರು.
ಓದಿದ. ಮಡಚಿದ. ಹಂಪನಕಟ್ಟೆಯವರೆಗೂ ಮಾತಿಲ್ಲ.
ಬಸ್ಸು ಹತ್ತುವಾಗ ಅಂದ:
ಅರ್ಕಾವೊತ್ತು ಸರಿಯಾಗಿ ಹಾಕಿದ್ದಿ.

ಅಷ್ಟೇ. ಸಾಯುವ ತನಕ ಅಷ್ಟೇ.

ಪುಸ್ತಕ ಬಿಡಿಸಿದ್ದೇನೆ. ಹುಟ್ಟಿದ್ದು ಆಮೇಲೆ ನೋಡುವ.
ಮೊದಲ ಗೆರೆಯಲ್ಲಿ ಬರೆದೆ:
ಅಂಗಾರ ಬೀಳಲಿಲ್ಲ.
ಕೆಳಗೆ ಇನ್ನೂ ಎಷ್ಟೋ ಗೆರೆ ಖಾಲಿ,
ಆದರೂ ಸಹಿ ಹಾಕಿಬಿಟ್ಟೆ.

ಹೊರಗೆ ಮೀನಿನವನ ಹಾರ್ನ್ ಕೇಳುತ್ತಿದೆ.
ಈಗ ಅವನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಡುತ್ತಾನೆ,
ಬಿಡಿಸಿದರೆ ಯಾರ ಮುಖವೂ ಇರುವುದಿಲ್ಲ.