ಕಪಾಟಿನ ಎಡಮಗ್ಗಲು

ಉಸ್ಮಾನ್‌ಗಂಜಿನ ಹಿಂದ, ಬೆಲ್ಲದ ಗೋದಾಮಿನ ಬಾಜೂಕ
ವಾಜಿದ್ ಮಾಮುನ ಅಂಗಡಿ.
ಬೋರ್ಡಿಲ್ಲ. ಹೊರಗ ಒಂದು ಕುರ್ಚಿ
ನಾಕೂ ಕಾಲು ಮ್ಯಾಲೆತ್ತಿ ಮಲಗಿರ್ತದ, ಅದೇ ಗುರುತು.

ಏರ್‌ಫೋರ್ಸಿನವರಿಗೆ ಬದ್ಲಿ ಆದಾಗೊಮ್ಮೆ
ಆ ಅಂಗಡಿ ತುಂಬ್ತದ.
ಅಸ್ಸಾಮಿಗೆ ಯಾರು ಒಯ್ತಾರ ಹೇಳ್ರಿ ಊಟದ ಮೇಜು?
ಕಾಶ್ಮೀರಕ್ಕ ಯಾರಿಗೆ ಬೇಕು ಕೂಲರು?
ಬೀದರಿಗೆ ಬರೋವಾಗ ಎರಡು ಟ್ರಂಕು,
ಹೋಗೋವಾಗ ಎರಡೇ ಟ್ರಂಕು.
ನಡುವಿನ ಸಂಸಾರ ಎಲ್ಲ ವಾಜಿದ್ ಮಾಮುಗ.

ನನ್ನ ಲೆಕ್ಕ ಹೊಲಿಗಿ ಮಷೀನಿನ ಖಾನ್ಯಾಗಿನ ಡೈರ್ಯಾಗ ಅದ.
ಹೊಸಾ ಕಪಾಟ: ಹದಿನಾಲ್ಕು ಸಾವಿರ, ಕಂತಿನ ಮ್ಯಾಲ.
ಹೊಟ್ಟು ಒತ್ತಿ ಮಾಡಿದ ಹಲಗಿ, ಮ್ಯಾಲ ಸಾಗವಾನಿ ಚಿತ್ರ,
ಒಂದು ಮಳಿಗಾಲ ಕಂಡ್ರ ಹಪ್ಪಳ.
ಮಾಮುನ ಕಪಾಟ: ಮೂರೂವರಿ ಅಂದ,
ಎರಡು ಸಾವಿರದ ಎಂಟುನೂರಕ್ಕ ಇಳಿದ.
ಅಂದ್ರ ನಲವತ್ತು ಜಂಪರು. ಅಷ್ಟೇ.
ಬಾಗಿಲಕ್ಕ ಬಡಿದು ತೋರಿಸಿದ, ಖಣಖಣ.
"ಸೊಟ್ಟ ಆಗೋದಿದ್ರ ಮೂವತ್ತು ವರ್ಷದ ಹಿಂದೇ ಆಗ್ತಿತ್ತು ಬೇಟಿ,
ಕಟ್ಟಿಗಿ ತನ್ನ ಹಟ ಎಲ್ಲ
ಬ್ಯಾರೆಯವರ ಮನ್ಯಾಗ ಮುಗಿಸಿ ಬಂದಾದ."

ನಮ್ಮತ್ತಿ ಹೊಸ್ತಿಲಾಗ ಅಡ್ಡ ನಿಂತ್ರು.
"ಮಂದಿ ಮುಟ್ಟಿದ್ದು. ಯಾರ ಮನಿ ಪೀಡಾನೋ,
ಯಾರು ಸತ್ತಾಗ ಮಾರಿದ್ದೋ."
ಅವರು ಉಟ್ಟ ಇಳಕಲ್ ಸೀರಿ ಸತ್ತ ಅಕ್ಕನ ಪೆಟ್ಟಿಗಿದು.
ನಾ ಬಾಯಿ ಬಿಡಲಿಲ್ಲ.
ಕುದಿಯೋ ನೀರು, ಬೇವಿನ ತಪ್ಪಲ, ಸಂದಿಗೆಲ್ಲ ಸೀಮೆಣ್ಣಿ,
ಎರಡು ದಿನ ಅಂಗಳದ ಬಿಸಲು.
ನಮ್ಮೂರ ಬಿಸಲಿಗೆ ಯಾವ ಪೀಡಾನೂ ತಡಿಯಾಂಗಿಲ್ಲ.

ಒರೆಸೋವಾಗ ಕಂಡದ್ದು ಎಡಮಗ್ಗಲು.
ಪೆನ್ಸಿಲ್ ಗೆರಿ, ಒಂದರ ಮ್ಯಾಲೊಂದು, ಪಾವಟಿಗಿ ಹಂಗ.
ಪ್ರತಿ ಗೆರಿ ಬಾಜೂಕ
ಝೀರಾದ ಗುರುದ್ವಾರದ ಗ್ವಾಡಿ ಮ್ಯಾಲ ಇರೋವಂಥ ಅಕ್ಷರ.
ನನ್ನ ಗಂಡ ಧೂಳಪ್ಪ, ದಿನಾ ಅಲ್ಲೇ ಆಟೋ ನಿಲ್ಸಾಂವ,
ಫೋಟೋ ಒಯ್ದು ಚಪ್ಪಲಿ ಕಾಯೋ ಸರ್ದಾರಜಿಗೆ ತೋರ್ಸಿದ.
ಜಸ್ಸಿ, ಮೂರು ವರ್ಷ.
ಜಸ್ಸಿ, ನಾಕು.
ಜಸ್ಸಿ, ಐದೂವರಿ.
ಮ್ಯಾಲ ಬರೇ ಕಟ್ಟಿಗಿ.

"ನಾ ಹೇಳಲಿಲ್ಲೇನು?" ಅಂದ್ರು ನಮ್ಮತ್ತಿ, ದನಿ ಇಲ್ಲದಂಗ.
ಆ ರಾತ್ರಿ ನನಗೂ ನಿದ್ದಿ ಇಲ್ಲ.
ಪ್ರಣಾಲಿಗೆ ಆಗ ಐದು ತುಂಬಿತ್ತು.

ಮುಂಜಾನೆದ್ದು ಹೋದೆ. ಮಾಮು ಚಾ ಬಸೀಲಿಕತ್ತಿದ್ದ.
"ಅರೇ, ಪೋಸ್ಟಿಂಗ್ ಬಂತು, ಹೋದ್ರು," ಅಂದ.
"ಹುಡುಗಿ ಕಪಾಟ ತಬ್ಬಿ ಬಿಡಲೊಲ್ಲದು.
ಅವರಪ್ಪ ಹಲಗಿ ಕೊಯ್ದು ಒಯ್ತೀನಂತ ಗರಗಸ ಕೇಳಿದ,
ನಾ ಕೊಡಲಿಲ್ಲ, ಕೊಯ್ದ ಮ್ಯಾಲ ಯಾರು ತಗೋತಾರ?
ಆಮ್ಯಾಲ ಅವರವ್ವ ಒಂದು ದಾರ ಇಳಿಬಿಟ್ಟು
ಗೆರಿಗೊಂದು ಗಂಟು ಹಾಕಿ
ಸುತ್ತಿ ಪರ್ಸಿನ್ಯಾಗ ಇಟ್ಕೊಂಡ್ಳು."

ಖರೇನೋ ಸುಳ್ಳೋ. ಅಂಗಡಿಯವ, ವಾಪಸ್ ತಗೊಳ್ಳೋ ಅಂಜಿಕಿ ಇರ್ತದ.
ಆದ್ರ ದಾರದ ಸುದ್ದಿ
ಗಂಡಸಿಗೆ ಹಂಗೇ ಹೊಳಿಯೋದಲ್ಲ.
ನಂಬಿದೆ.

ಮನಿಗೆ ಬಂದು ಹೇಳಿದೆ. ಅತ್ತಿ ಏನೂ ಅನಲಿಲ್ಲ.
ಸಂಜೀಕ ನೋಡ್ತೀನಿ, ಮೊಮ್ಮಗಳ ನೆತ್ತಿ ಮ್ಯಾಲ
ನನ್ನ ಕಟಿಂಗ್ ಸ್ಕೇಲು ಅಡ್ಡ ಹಿಡಿದು ನಿಂತಾರ.
"ಹಿಮ್ಮಡ ಎತ್ತಬ್ಯಾಡ. ಎತ್ತಬ್ಯಾಡ ಅಂದ್ರ!"
ಜಸ್ಸಿಗಿಂತ ಎರಡು ಬಟ್ಟು ಕಡಿಮಿ.
ಪ್ರಣಾಲಿ ಅತ್ತು ಒಂದು ರೊಟ್ಟಿ ಹೆಚ್ಚಿಗಿ ತಿಂದಳು.

ಈಗ ಕಪಾಟ ಖೋಲಿ ನಡುವ ಅಡ್ಡಾದಿಡ್ಡಿ ನಿಂತಾದ.
ಎಡಮಗ್ಗಲು ಗ್ವಾಡಿಗೆ ಹಚ್ಚಬ್ಯಾಡ್ರಿ, ಅತ್ತಿ ಹುಕುಂ.
ಹಂಗಾಗಿ ಬಾಗಿಲ ಅರ್ಧ ಅಷ್ಟೇ ತೆರೀತದ,
ಸೀರಿ ತೆಗಿಬೇಕಂದ್ರ ಹೊಳ್ಳಿ ಕೈ ಹಾಕಬೇಕು.
ನಡೀತದ.